ಸತುವಿನ ತಗಡಿನ ಮೇಲೆ ಸೇವಂತಿಗೆ: ಹೂವಿನ ಎಚ್ಚಿಂಗ್ ಮಾಡುವ ಬಗೆ

ಎಚ್ಚಿಂಗ್ ಅಂದರೆ ಲೋಹದ ತಗಡಿನಲ್ಲಿ ಗೆರೆಗಳನ್ನು ತಿನ್ನಿಸಿ, ಅದಕ್ಕೆ ಶಾಯಿ ತುಂಬಿ ಕಾಗದದ ಮೇಲೆ ಒತ್ತಿ ತೆಗೆಯುವ ಚಿತ್ರ. ಹೂವಿನ ಎಚ್ಚಿಂಗ್ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವುದು ಒಂದೇ ಕೆಲಸ. ಒಂದೊಂದು ದಳದ ಸುತ್ತಲೂ ಬೇಲಿ ಹಾಕಿದ ಹಾಗೆ ಗೆರೆ ಎಳೆಯುತ್ತಾರೆ. ನಾನೂ ಹಾಗೇ ಶುರು ಮಾಡಿದ್ದು. ಪ್ರಿಂಟ್ ತೆಗೆದು ನೋಡಿದರೆ ಹೂವು ತಂತಿ ಬಗ್ಗಿಸಿ ಮಾಡಿದ ಹಾಗಿತ್ತು. ಎಚ್ಚಿಂಗ್‌ನಲ್ಲಿ ಬಿಳಿ ಬಣ್ಣ ಅಂತ ಒಂದಿಲ್ಲ, ಕಾಗದವೇ ಬಿಳಿ. ದಳ ಬೆಳ್ಳಗೆ, ಮೆತ್ತಗೆ ಕಾಣಬೇಕಾದರೆ ಅಲ್ಲಿ ನೀವು ಏನೂ ಮಾಡಬಾರದು. ಅದರ ಹಿಂದಿನ ನೆರಳನ್ನು ಮಾತ್ರ ಕಟ್ಟಬೇಕು. ಇಷ್ಟು ತಲೆಗೆ ಹೋದರೆ ಮುಂದಿನ ಎಲ್ಲ ಹೆಜ್ಜೆಗಳೂ ತಾವಾಗಿ ಅರ್ಥವಾಗುತ್ತವೆ.

ಹೊಸಬರಿಗೆ ಒಂದು ಮಾತು. ಹಿಂದೆ ಅಚ್ಚುಮೊಳೆಯ ಕಾಲದಲ್ಲಿ ಪತ್ರಿಕೆಗಳಿಗೆ ಚಿತ್ರ ಬೇಕಾದಾಗ ಸತುವಿನ ತಗಡಿನಲ್ಲಿ 'ಬ್ಲಾಕ್' ಮಾಡಿಸುತ್ತಿದ್ದರು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಆಸಿಡ್ ಹಾಕಿ ಖಾಲಿ ಜಾಗವನ್ನು ತಿನ್ನಿಸಿ, ಗೆರೆಯನ್ನು ಎತ್ತರದಲ್ಲಿ ಉಳಿಸುತ್ತಿದ್ದರು. ಎಚ್ಚಿಂಗ್ ಇದರ ತಿರುಗುಮುರುಗು. ಇಲ್ಲಿ ಗೆರೆಯೇ ಹಳ್ಳ. ಹಳ್ಳದಲ್ಲಿ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದವನ್ನು ಪ್ರೆಸ್ಸಿನಲ್ಲಿ ಜೋರಾಗಿ ಒತ್ತಿದಾಗ ಕಾಗದ ಆ ಹಳ್ಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಪ್ರಿಂಟಿನ ಮೇಲೆ ಬೆರಳಾಡಿಸಿದರೆ ಗೆರೆ ಉಬ್ಬಿರುವುದು ತಿಳಿಯುತ್ತದೆ.

ಯಾವ ಹೂವು, ಎಲ್ಲಿ ಇಡಬೇಕು

ದಾಸವಾಳ ಬೇಡ. ಬೆಳಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ, ನಿಮ್ಮ ಕೈ ಇನ್ನೂ ಪಳಗಿರುವುದಿಲ್ಲ. ಸೇವಂತಿಗೆ ತೆಗೆದುಕೊಳ್ಳಿ, ಕಾಂಡದ ಸಮೇತ ನೀರಿನಲ್ಲಿಟ್ಟರೆ ದಿನಗಟ್ಟಲೆ ನಿಲ್ಲುತ್ತದೆ. ಬಿಳಿ ಸೇವಂತಿಗೆ ಆದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಬಣ್ಣದ ಮಾತು ಬಂದಾಗ ಹೇಳುತ್ತೇನೆ. ಮೂರು ಹೂವು ಸಾಕು. ಒಂದು ನಿಮ್ಮ ಕಡೆ ಮುಖ ಮಾಡಿರಲಿ, ಒಂದು ಪಕ್ಕಕ್ಕೆ ತಿರುಗಿರಲಿ, ಒಂದು ಬಾಗಿ ಬೆನ್ನು ತೋರಿಸುತ್ತಿರಲಿ. ತಾಮ್ರದ ಚೊಂಬಿನಲ್ಲಿ ಇಡಿ. ಚೊಂಬಿನ ಹೊಟ್ಟೆಯ ಮೇಲೆ ಕಿಟಕಿಯ ಬೆಳಕು ಬೀಳುತ್ತದಲ್ಲ, ಆ ಒಂದು ಬಿಳಿ ಚುಕ್ಕೆ ಚಿತ್ರಕ್ಕೆ ತೂಕ ಕೊಡುತ್ತದೆ.

ಹಿಂದೆ ಕಡು ಬಣ್ಣದ ಬಟ್ಟೆ ತೂಗುಹಾಕಿ. ಹಳೇ ಕಂಬಳಿ ತುಂಬ ಚೆನ್ನಾಗಿರುತ್ತದೆ, ಹೊಳಪಿಲ್ಲ. ಬೆಳಕು ಒಂದೇ ಕಡೆಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿ. ಈಗ ಅರ್ಧ ಕಣ್ಣು ಮುಚ್ಚಿ ನೋಡಿ. ಹೂವಿನ ಅಂಚು ಗೆರೆಯಾಗಿ ಕಾಣುತ್ತಿಲ್ಲ ಅಲ್ವಾ? ಬೆಳಕಿನ ಪಕ್ಕ ಕತ್ತಲು ನಿಂತಿದೆ, ಅಷ್ಟೇ.

ಇದನ್ನು ನೋಡಿ ಕಲಿಯಬೇಕಾದರೆ ಇಟಲಿಯ ಜಾರ್ಜೊ ಮೊರಾಂಡಿಯ ಎಚ್ಚಿಂಗ್‌ಗಳನ್ನು ಹುಡುಕಿ ನೋಡಿ. ಬಾಟಲಿ, ಡಬ್ಬಿ, ಹೂದಾನಿಯಲ್ಲಿ ಒಂದಿಷ್ಟು ಹೂವು, ಇಷ್ಟೇ ಅವರ ವಸ್ತು. 1930ರಿಂದ 1956ರ ತನಕ ಬೊಲೊನ್ಯಾದ ಕಲಾಶಾಲೆಯಲ್ಲಿ ಎಚ್ಚಿಂಗ್ ಪಾಠ ಮಾಡಿದವರು. ಅವರ ಎಷ್ಟೋ ಪ್ಲೇಟುಗಳಲ್ಲಿ ಅಂಚಿನ ಗೆರೆ ಅಂತಲೇ ಇಲ್ಲ. ಒತ್ತೊತ್ತಾಗಿ ಎಳೆದ ಸಣ್ಣ ಗೆರೆಗಳ ಜಾಲ ಒಂದು ಕಡೆ ನಿಂತುಬಿಡುತ್ತದೆ, ನಿಂತ ಜಾಗದಲ್ಲಿ ಹೂವು ಶುರುವಾಗುತ್ತದೆ. ನಾನು ಆ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಪ್ಲೇಟು

ಸುಮಾರು ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಸತುವಿನ ತಗಡು, 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ. ಜೊತೆಗೆ ಒಂದು ಬೆರಳಗಲದ ತುಂಡನ್ನೂ ಕತ್ತರಿಸಿಟ್ಟುಕೊಳ್ಳಿ, ಪರೀಕ್ಷೆಗೆ ಬೇಕು.

ನಾಲ್ಕೂ ಅಂಚುಗಳನ್ನು ಅರದಿಂದ ಓರೆಯಾಗಿ ಉಜ್ಜಿ. ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ. ಇದು ಬೇಸರದ ಕೆಲಸ, ಆದರೆ ಬಿಟ್ಟರೆ ಪ್ರೆಸ್ಸಿನ ಒತ್ತಡಕ್ಕೆ ಚೂಪು ಅಂಚು ಕಾಗದವನ್ನೂ ಅದರ ಮೇಲಿನ ಉಣ್ಣೆ ಬಟ್ಟೆಯನ್ನೂ ಕೊಯ್ಯುತ್ತದೆ. ಆಮೇಲೆ ಮೆಟಲ್ ಪಾಲಿಶ್ ಹಚ್ಚಿ ಮುಖ ಕಾಣುವಷ್ಟು ಉಜ್ಜಿ. ತಗಡಿನ ಮೇಲಿನ ಒಂದೊಂದು ಗೀರೂ ಪ್ರಿಂಟಿನಲ್ಲಿ ಬರುತ್ತದೆ. ಅದು ದಳದ ಮೇಲೆ ಬಂದರೆ ನೀವು ಕಾಪಾಡಿದ ಬಿಳಿ ಹೋಯಿತು.

ಕೊನೆಗೆ ಜಿಡ್ಡು ತೆಗೆಯಬೇಕು. ಸೀಮೆಸುಣ್ಣದ ಪುಡಿಗೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಹತ್ತಿಯಿಂದ ಉಜ್ಜಿ ತೊಳೆಯಿರಿ. ನೀರು ಪ್ಲೇಟಿನ ಮೇಲೆ ಹಾಳೆಯ ಹಾಗೆ ಹರಡಿ ನಿಂತರೆ ಜಿಡ್ಡು ಹೋಗಿದೆ. ಹನಿಹನಿಯಾಗಿ ಸರಿದರೆ ಇನ್ನೊಮ್ಮೆ ತೊಳೆಯಿರಿ. ಆಮೇಲೆ ಬೆರಳು ತಾಗಿಸಬೇಡಿ, ಅಂಚಿನಲ್ಲೇ ಹಿಡಿಯಿರಿ.

ಗ್ರೌಂಡ್ ಮತ್ತು ಗೆರೆ

ಗ್ರೌಂಡ್ ಅಂದರೆ ಲೋಹವನ್ನು ತಿನ್ನುವ ದ್ರಾವಣ ತಾಗದ ಹಾಗೆ ಪ್ಲೇಟಿಗೆ ಹಚ್ಚುವ ತೆಳು ಪದರ. ಹಳೆಯ ಅಳತೆ ಹೀಗಿದೆ: ಎರಡು ಪಾಲು ಬಿಟುಮೆನ್ ಪುಡಿ, ಎರಡು ಪಾಲು ಜೇನುಮೇಣ, ಒಂದು ಪಾಲು ರಾಳ. ಇದನ್ನು ಟರ್ಪಂಟೈನ್‌ನಲ್ಲಿ ಕರಗಿಸಿ ತೆಳ್ಳಗೆ ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದು. ಹೊಸಬರು ಸಿದ್ಧವಾಗಿ ಸಿಗುವುದನ್ನೇ ಕೊಳ್ಳಿ, ಮನೆಯಲ್ಲಿ ಒಲೆಯ ಮೇಲೆ ಟರ್ಪಂಟೈನ್ ಕಾಯಿಸುವ ಸಾಹಸ ಖಂಡಿತ ಬೇಡ. ಪ್ಲೇಟನ್ನು ಓರೆಯಾಗಿ ಹಿಡಿದು ಮೇಲಿಂದ ಸುರಿಯಿರಿ, ಹೆಚ್ಚಾದದ್ದು ಕೆಳಗೆ ಇಳಿಯಲಿ, ಧೂಳಿಲ್ಲದ ಜಾಗದಲ್ಲಿ ರಾತ್ರಿಯಿಡೀ ಒಣಗಲಿ. ಜೇನು ಬಣ್ಣದ ತೆಳು ಪದರ ಬಂದರೆ ಸರಿ. ದಪ್ಪ ಹಚ್ಚಿದರೆ ಗೆರೆ ಎಳೆಯುವಾಗ ಸಿಪ್ಪೆ ಏಳುತ್ತದೆ.

ಈಗ ಚಿತ್ರವನ್ನು ಪ್ಲೇಟಿಗೆ ಇಳಿಸುವುದು. ಪ್ರಿಂಟಿನಲ್ಲಿ ಎಡ ಬಲಕ್ಕೆ, ಬಲ ಎಡಕ್ಕೆ ಹೋಗುತ್ತದೆ. ರೆಂಬ್ರಾಂಟ್ 1650ರಲ್ಲಿ ಒಂದು ಶಂಖದ ಎಚ್ಚಿಂಗ್ ಮಾಡಿದ, ಅವನ ಎಚ್ಚಿಂಗ್‌ಗಳಲ್ಲಿ ಸ್ಟಿಲ್ ಲೈಫ್ (ಎದುರಿಗಿಟ್ಟ ವಸ್ತುಗಳ ಚಿತ್ರ) ಅಂತ ಇರುವುದು ಅದೊಂದೇ. ಅದರಲ್ಲಿ ಅವನ ಸಹಿ ಸರಿಯಾಗಿ ಓದಲು ಬರುತ್ತದೆ, ಶಂಖದ ಸುರುಳಿ ಮಾತ್ರ ನಿಜಕ್ಕಿಂತ ಉಲ್ಟಾ ತಿರುಗಿದೆ. ಸೇವಂತಿಗೆಗೆ ಇದರಿಂದ ತೊಂದರೆ ಇಲ್ಲ. ಆದರೆ ಮುಂದೆ ಒಂದೆಸಳಿನ ನಂದಿಬಟ್ಟಲು ಮಾಡುವಾಗ ನೆನಪಿರಲಿ. ಅದರ ಎಸಳುಗಳು ಗಾಳಿಗಿರಿಗಿಟ್ಟಲೆಯ ಹಾಗೆ ಒಂದೇ ದಿಕ್ಕಿಗೆ ತಿರುಗಿರುತ್ತವೆ. ಪ್ರಿಂಟಿನಲ್ಲಿ ಉಲ್ಟಾ ಬಂದರೆ ದಿನಾ ಹೂ ಬಿಡಿಸುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಇದಕ್ಕೆ ದಾರಿ ಸುಲಭ. ಮೃದು ಪೆನ್ಸಿಲ್‌ನಲ್ಲಿ ತೆಳು ಕಾಗದದ ಮೇಲೆ ಚಿತ್ರ ಬರೆಯಿರಿ. ಅದನ್ನು ಬೋರಲು ಮಾಡಿ ಗ್ರೌಂಡ್ ಮೇಲಿಟ್ಟು ಹಿಂದಿನಿಂದ ಉಜ್ಜಿ, ಅಥವಾ ಪ್ರೆಸ್ಸಿನಲ್ಲಿ ಹಗುರವಾಗಿ ಒಮ್ಮೆ ಹಾಯಿಸಿ. ಪೆನ್ಸಿಲ್ ಗುರುತು ಉಲ್ಟಾ ಇಳಿಯುತ್ತದೆ, ಪ್ರಿಂಟಿನಲ್ಲಿ ಮತ್ತೆ ನೆಟ್ಟಗಾಗುತ್ತದೆ.

ಸೂಜಿಗೆ ದುಬಾರಿ ಸಾಮಾನು ಬೇಕಿಲ್ಲ. ಗೋಣಿ ಹೊಲಿಯುವ ದಬ್ಬಣವನ್ನು ಮರದ ಹಿಡಿಗೆ ಕೂರಿಸಿ, ತುದಿಯನ್ನು ಸಾಣೆಕಲ್ಲಿನ ಮೇಲೆ ಕೊಂಚ ಮೊಂಡು ಮಾಡಿ. ಲೋಹವನ್ನು ಕೊರೆಯಬೇಡಿ. ಗ್ರೌಂಡ್ ಬಿಟ್ಟುಕೊಂಡು ಕೆಳಗಿನ ಸತು ಬೆಳ್ಳಗೆ ಕಂಡರೆ ಸಾಕು, ಕೊರೆಯುವ ಕೆಲಸ ದ್ರಾವಣದ್ದು.

ಮೊದಲು ಹಿನ್ನೆಲೆಯ ಕತ್ತಲಿನಿಂದ ಶುರು ಮಾಡಿ. ಒಂದೇ ದಿಕ್ಕಿಗೆ ಓರೆಗೆರೆ ಎಳೆಯುತ್ತಾ ಬನ್ನಿ, ಹೂವಿನ ಅಂಚು ಬಂದಾಗ ಕೈ ಎತ್ತಿ. ಅಂಚಿಗೆ ಬೇರೆ ಗೆರೆ ಹಾಕಬೇಡಿ. ಆಮೇಲೆ ಎಲೆ, ಕಾಂಡ, ಚೊಂಬಿನ ನೆರಳು. ದಳಗಳಿಗೆ ಕೊನೆಗೆ ಬನ್ನಿ. ದಳ ಒಳಕ್ಕೆ ಮಡಚುವ ಕಡೆ, ಬುಡದ ಕಡೆ, ನಾಲ್ಕೈದು ಗೆರೆ. ಬೆಳಕಿನಿಂದ ನೆರಳಿಗೆ ಹೊರಳುವ ಜಾಗದಲ್ಲಿ ಗೆರೆಯೂ ಗಡಸು ಅನ್ನಿಸಿದರೆ ಸೂಜಿಯ ತುದಿಯಿಂದ ಚುಕ್ಕೆ ಇಡಿ. ಫ್ರಾನ್ಸಿನ ಹೂಚಿತ್ರಕಾರ ರೆದೂತೆ ಬರೆದ ಗುಲಾಬಿಗಳನ್ನು ತಾಮ್ರದ ಮೇಲೆ ಕೆತ್ತಿದವರು ಹೀಗೆ ಚುಕ್ಕೆಗಳಲ್ಲೇ ಆ ಮೃದುತನ ತಂದರು.

ಇಲ್ಲಿ ಕಣ್ಣು ಮೋಸ ಮಾಡುತ್ತದೆ. ಕಂದು ಗ್ರೌಂಡ್ ಮೇಲೆ ನಿಮ್ಮ ಗೆರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ನೀವು ಬೆಳಕು ಹಾಕುತ್ತಿದ್ದೀರಿ ಅನ್ನಿಸುತ್ತದೆ. ನಿಜದಲ್ಲಿ ಹಾಕುತ್ತಿರುವುದು ಕಪ್ಪು. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಇದನ್ನು ಮನಸ್ಸಿಗೆ ಹೇಳಿಕೊಳ್ಳಿ.

ಇನ್ನೊಂದು ತಪ್ಪು ನನ್ನಿಂದಲೇ ಆದದ್ದು. ಸೇವಂತಿಗೆಯ ನಡುಭಾಗ ತುಂಬ ಕಪ್ಪಾಗಿ ಬರಲಿ ಅಂತ ಗೆರೆಯ ಮೇಲೆ ಗೆರೆ ಎಳೆದೆ, ಗ್ರೌಂಡ್ ಪೂರ್ತಿ ಎದ್ದುಹೋಯಿತು. ದ್ರಾವಣದಲ್ಲಿ ಆ ಗೆರೆಗಳೆಲ್ಲ ಒಂದಕ್ಕೊಂದು ಸೇರಿ ಅಗಲವಾದ ಒಂದು ತಗ್ಗಾಯಿತು. ಅಗಲ ತಗ್ಗಿನಲ್ಲಿ ಶಾಯಿ ನಿಲ್ಲುವುದಿಲ್ಲ, ಒರೆಸುವಾಗ ಬಟ್ಟೆಯ ಜೊತೆ ಬಂದುಬಿಡುತ್ತದೆ. ಕಪ್ಪಾಗಬೇಕಿದ್ದ ಜಾಗ ಬೂದು ಬಣ್ಣಕ್ಕೆ ಬಂತು. ಕಪ್ಪು ಬೇಕಾದರೆ ಗೆರೆಗಳ ನಡುವೆ ಕೂದಲೆಳೆಯಷ್ಟಾದರೂ ಗ್ರೌಂಡ್ ಉಳಿಯಲೇಬೇಕು. ಕಪ್ಪು ಬರುವುದು ಗೆರೆಯ ಆಳದಿಂದ.

ತಿನ್ನಿಸುವುದು

ಕಲಾಶಾಲೆಗಳಲ್ಲಿ ಸತುವಿಗೆ ನೈಟ್ರಿಕ್ ಆಸಿಡ್ ಬಳಸುವ ರೂಢಿ ಇದೆ. ಅದರಿಂದ ಏಳುವ ಹೊಗೆ ಶ್ವಾಸಕೋಶಕ್ಕೆ ಅಪಾಯ. ಮನೆಯಲ್ಲಿ ಬೇಡವೇ ಬೇಡ. ಅದರ ಬದಲು ಮೈಲುತುತ್ತ (ಕಾಪರ್ ಸಲ್ಫೇಟ್) ಬಳಸಿ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿ, ಅದೇ ಮೈಲುತುತ್ತ. ಮಲೆನಾಡು ಕರಾವಳಿಯ ಯಾವ ಗೊಬ್ಬರದ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಪಶ್ಚಿಮದ ಕೆಲವು ಕಲಾವಿದರು ಈ ವಿಧಾನವನ್ನು ಬೋರ್ಡೋ ಎಚ್ ಅಂತಲೇ ಕರೆಯುತ್ತಾರೆ.

ನಾನು ಬಳಸುವ ಅಳತೆ: 1 ಲೀಟರ್ ನೀರಿಗೆ 75 ಗ್ರಾಂ ಮೈಲುತುತ್ತ, 75 ಗ್ರಾಂ ಉಪ್ಪು. ಪ್ಲಾಸ್ಟಿಕ್ ಟ್ರೇ, ಪ್ಲಾಸ್ಟಿಕ್ ಚಮಚ ಮಾತ್ರ. ಉಪ್ಪು ಬಿದ್ದ ಮೇಲೆ ನೀಲಿ ನೀರು ಹಸಿರಿಗೆ ತಿರುಗುತ್ತದೆ, ಗಾಬರಿ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಇದು ವಿಷ. ಅಡುಗೆಮನೆಯಲ್ಲಿ ಮಾಡಬಾರದು, ಮಕ್ಕಳು, ನಾಯಿ, ಬೆಕ್ಕು ಸುಳಿಯುವ ಜಾಗದಲ್ಲೂ ಇಡಬಾರದು, ಒಮ್ಮೆ ಬಳಸಿದ ಟ್ರೇ ಮತ್ತೆ ಊಟದ ಕೆಲಸಕ್ಕೆ ಬರಬಾರದು.

ಪ್ಲೇಟಿನ ಬೆನ್ನಿಗೆ ಅಗಲವಾದ ಪ್ಯಾಕಿಂಗ್ ಟೇಪ್ ಅಂಟಿಸಿ, ಅಂಚಿಗೆ ಬ್ಲ್ಯಾಕ್ ಜಪಾನ್ (ದ್ರಾವಣ ತಾಗದ ಹಾಗೆ ತಡೆಯುವ ಕಪ್ಪು ವಾರ್ನಿಷ್) ಹಚ್ಚಿ. ಇಲ್ಲದಿದ್ದರೆ ದ್ರಾವಣದ ಶಕ್ತಿಯೆಲ್ಲ ಬೆನ್ನನ್ನು ತಿನ್ನುವುದರಲ್ಲೇ ಮುಗಿಯುತ್ತದೆ.

ಮೊದಲು ಆ ಬೆರಳಗಲದ ತುಂಡು. ಅದಕ್ಕೂ ಗ್ರೌಂಡ್ ಹಚ್ಚಿ ಉದ್ದಕ್ಕೂ ಒಂದೇ ತರಹದ ಗೆರೆ ಎಳೆದು ದ್ರಾವಣಕ್ಕೆ ಬಿಡಿ. 5 ನಿಮಿಷಕ್ಕೆ ತೆಗೆದು ತೊಳೆದು ಒಣಗಿಸಿ, ಒಂದು ತುದಿಗೆ ಬ್ಲ್ಯಾಕ್ ಜಪಾನ್ ಹಚ್ಚಿ ಮುಚ್ಚಿ. ಒಣಗಿದ ಮೇಲೆ ಮತ್ತೆ ಬಿಡಿ. ಒಟ್ಟು 10 ನಿಮಿಷ ಆದಾಗ ಇನ್ನಷ್ಟು ಮುಚ್ಚಿ. ಹೀಗೆ 20, 40 ನಿಮಿಷ. ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ. ಬೇರೆಯವರ ನಿಮಿಷದ ಲೆಕ್ಕ ನಿಮಗೆ ಹೊಂದುವುದಿಲ್ಲ, ಏಪ್ರಿಲ್ ಬಿಸಿಲಿನಲ್ಲಿ ಬೇಗ ತಿನ್ನುವ ದ್ರಾವಣ ಡಿಸೆಂಬರ್‌ನಲ್ಲಿ ನಿಧಾನ ಮಾಡುತ್ತದೆ.

ಈಗ ನಿಜವಾದ ಪ್ಲೇಟು. ಮೊದಲ ಸಲ ಸ್ವಲ್ಪವೇ ಹೊತ್ತು ತಿನ್ನಿಸಿ ಹೊರಗೆ ತೆಗೆದು, ತೊಳೆದು ಒಣಗಿಸಿ, ದಳದ ಮೇಲಿನ ಗೆರೆ ಚುಕ್ಕೆಗಳನ್ನೆಲ್ಲ ಸಣ್ಣ ಬ್ರಷ್‌ನಿಂದ ಬ್ಲ್ಯಾಕ್ ಜಪಾನ್ ಹಚ್ಚಿ ಮುಚ್ಚಿಬಿಡಿ. ಅವು ಅಲ್ಲಿಗೆ ನಿಂತವು, ಪ್ರಿಂಟಿನಲ್ಲಿ ತೆಳು ಬೂದುಗೆರೆಯಾಗಿ ಬರುತ್ತವೆ. ಎರಡನೇ ಸುತ್ತಿನ ನಂತರ ಎಲೆ ಮತ್ತು ಕಾಂಡ. ಮೂರನೆಯದರ ನಂತರ ಚೊಂಬು. ಕೊನೆಗೆ ಉಳಿಯುವುದು ಹಿನ್ನೆಲೆಯ ಕಂಬಳಿ, ಅದು ಬೇಕಾದಷ್ಟು ಆಳಕ್ಕೆ ಹೋಗಲಿ. ಸ್ಟಾಪ್ ಔಟ್ ಅಂತ ಕರೆಯುವ ಈ ಮುಚ್ಚುವ ಕೆಲಸದಲ್ಲೇ ಹೂವು ಮುಂದೆ ಬರುತ್ತದೆ. ಎಲ್ಲ ಗೆರೆಯನ್ನೂ ಒಂದೇ ಹೊತ್ತು ತಿನ್ನಿಸಿದರೆ ಎಷ್ಟು ಚೆನ್ನಾಗಿ ಬರೆದಿದ್ದರೂ ಚಿತ್ರ ಚಪ್ಪಟೆ.

ತಿನ್ನುವಾಗ ಗೆರೆಗಳಲ್ಲಿ ಕಂದುಕೆಂಪು ಗಸಿ ತುಂಬಿಕೊಳ್ಳುತ್ತದೆ. ಸತು ದ್ರಾವಣಕ್ಕೆ ಇಳಿಯುತ್ತದೆ, ದ್ರಾವಣದ ತಾಮ್ರ ಪುಡಿಯಾಗಿ ಹೊರಗೆ ಬೀಳುತ್ತದೆ. ಕೋಳಿಗರಿಯಿಂದಲೋ ಮೆತ್ತನೆ ಬ್ರಷ್‌ನಿಂದಲೋ ಆಗಾಗ ಸವರಿ ತೆಗೆಯುತ್ತಿರಿ.

ಎಲೆಗೆ ಒಂದು ಉಪಾಯ, ನೆರಳಿಗೆ ಇನ್ನೊಂದು

ಎರಡೂ ಕಡ್ಡಾಯವಲ್ಲ, ಆದರೆ ಮೊದಲನೆಯದು ನನಗೆ ತುಂಬ ಇಷ್ಟ. ಗ್ರೌಂಡ್‌ಗೆ ವ್ಯಾಸಲಿನ್ ಬೆರೆಸಿದರೆ ಅದು ಗಟ್ಟಿಯಾಗುವುದೇ ಇಲ್ಲ, ಸಾಫ್ಟ್ ಗ್ರೌಂಡ್ ಆಗುತ್ತದೆ. ಅದರ ಮೇಲೆ ನಿಜವಾದ ಎಲೆ ಇಟ್ಟು, ಮೇಲೊಂದು ತೆಳು ಕಾಗದ ಇಟ್ಟು ಪ್ರೆಸ್ಸಿನಲ್ಲಿ ಹಾಯಿಸಿದರೆ ಎಲೆಯ ಉಬ್ಬಿದ ನರಗಳು ಗ್ರೌಂಡನ್ನು ಎತ್ತಿಕೊಂಡು ಬರುತ್ತವೆ. ತಿನ್ನಿಸಿದರೆ ಆ ಎಲೆಯೇ ಪ್ರಿಂಟಿನಲ್ಲಿ ಕೂತಿರುತ್ತದೆ. ಸೇವಂತಿಗೆ ಎಲೆ, ಜರೀಗಿಡ, ಅರಳಿ ಎಲೆ ಚೆನ್ನಾಗಿ ಬರುತ್ತವೆ. ಹಳೇ ಪಂಚಾಂಗದ ನಡುವೆ ಎರಡು ಮೂರು ದಿನ ಒತ್ತಿಟ್ಟು ನೀರು ಆರಿದ ಮೇಲೆ ಬಳಸಿ. ಹಸಿ ದಳ ಇಟ್ಟರೆ ರಸ ಒಡೆದು ಎಲ್ಲ ಹಾಳು.

ಇನ್ನು ನೆರಳಿಗೆ ಅಕ್ವಾಟಿಂಟ್, ಅಂದರೆ ಗೆರೆಯ ಬದಲು ಸಣ್ಣ ಚುಕ್ಕೆಗಳಿಂದ ನೆರಳು ತರುವುದು. ರಾಳದ ಪುಡಿ ಉದುರಿಸಿ ಕೆಳಗಿಂದ ಬಿಸಿ ಮಾಡಿ ಅಂಟಿಸುವುದು ಹಳೇ ದಾರಿ. ಆ ಧೂಳು ಗಾಳಿಯಲ್ಲಿ ಹರಡಿದಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಅದಕ್ಕೆ ಸರಿಯಾದ ಪೆಟ್ಟಿಗೆ ಇರುವ ಸ್ಟುಡಿಯೋದಲ್ಲಿ ಮಾತ್ರ ಮಾಡಿ. ಮನೆಯವರಿಗೆ ಉಪ್ಪುಕಾಗದ (ಸ್ಯಾಂಡ್‌ಪೇಪರ್) ಸಾಕು. ಗಟ್ಟಿ ಗ್ರೌಂಡ್ ಮೇಲೆ ನಯವಾದ ಉಪ್ಪುಕಾಗದವನ್ನು ಬೋರಲಿಟ್ಟು ಪ್ರೆಸ್ಸಿನಲ್ಲಿ ಹಾಯಿಸಿ, ಪ್ರತಿ ಸಲ ಸ್ವಲ್ಪ ತಿರುಗಿಸಿ ನಾಲ್ಕೈದು ಸಲ. ಸಾವಿರಾರು ಚುಕ್ಕೆ ಬೀಳುತ್ತವೆ. ತಿನ್ನಿಸುವ ಮೊದಲೇ ದಳಗಳನ್ನೂ ಚೊಂಬಿನ ಆ ಹೊಳಪನ್ನೂ ಪೂರ್ತಿ ಮುಚ್ಚಿ.

ಶಾಯಿ, ಒರೆಸು, ಒತ್ತು

ಗ್ರೌಂಡನ್ನು ಟರ್ಪಂಟೈನ್‌ನಿಂದ ತೆಗೆದು ಪ್ಲೇಟು ಒರೆಸಿ. ಕಾಗದವನ್ನು ಮೊದಲೇ ನೆನೆಸಿಟ್ಟಿರಬೇಕು. ಹತ್ತಿಯ ಚಿಂದಿಯಿಂದ ಮಾಡಿದ 250ರಿಂದ 300 ಜಿಎಸ್ಎಂ ಕಾಗದ ಒಳ್ಳೆಯದು. ಅರ್ಧ ಗಂಟೆ ನೀರಿನಲ್ಲಿಟ್ಟು, ತೆಗೆದು, ಎರಡು ಟವೆಲ್ ನಡುವೆ ಒತ್ತಿ. ತೇವ ಇರಬೇಕು, ನೀರಿನ ಹೊಳಪು ಇರಬಾರದು.

ಎಚ್ಚಿಂಗ್ ಶಾಯಿ ಗಟ್ಟಿ ಅನ್ನಿಸಿದರೆ ಎರಡು ಹನಿ ಅಗಸೆ ಎಣ್ಣೆ ಹಾಕಿ ಕಲಸಿ. ರಟ್ಟಿನ ತುಂಡಿನಿಂದ ಪ್ಲೇಟಿನ ತುಂಬ ಬಳಿದು ಗೆರೆಗಳಿಗೆ ತುಂಬಿ. ಆಮೇಲೆ ಗಂಜಿ ಹಾಕಿ ಒಣಗಿಸಿದ, ಎಳೆ ಬಿಡಿಬಿಡಿಯಾಗಿರುವ ತೆಳು ಬಟ್ಟೆಯನ್ನು ಉಂಡೆ ಮಾಡಿ ಸುತ್ತುಸುತ್ತಾಗಿ ಒರೆಸಿ. ಒತ್ತಬೇಡಿ, ಬಟ್ಟೆ ಗೆರೆಯೊಳಗಿನ ಶಾಯಿಯನ್ನೂ ಎತ್ತಿಬಿಡುತ್ತದೆ. ಕೊನೆಗೆ ಅಂಗೈಗೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿಕೊಂಡು ಹಗುರವಾಗಿ ಹಾಯಿಸಿ. ಹಿನ್ನೆಲೆಯ ಮೇಲೆ ಶಾಯಿಯ ತೆಳು ಪೊರೆ ಉಳಿದರೆ ಉಳಿಯಲಿ, ಅದು ಚೆಂದ. ದಳಗಳನ್ನು ಮಾತ್ರ ಬೆರಳಿಗೆ ಬಟ್ಟೆ ಸುತ್ತಿ ಒಂದೊಂದಾಗಿ ಶುಚಿ ಮಾಡಿ. ಈ ಹತ್ತು ನಿಮಿಷಕ್ಕೆ ಅವಸರ ಮಾಡಬೇಡಿ.

ಪ್ರೆಸ್ಸು ಮನೆಯಲ್ಲಿ ಇರುವುದು ಅಪರೂಪ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾದಂಥ ಕಲಾಶಾಲೆಗಳ ಗ್ರಾಫಿಕ್ಸ್ ವಿಭಾಗದಲ್ಲಿ ಕಲಿತವರು ಯಾರಾದರೂ ಗೊತ್ತಿದ್ದರೆ ಅವರನ್ನು ಕೇಳಿ, ಯಾರ ಸ್ಟುಡಿಯೋದಲ್ಲಿ ಪ್ರೆಸ್ಸಿದೆ ಅಂತ ಅವರಿಗೆ ತಿಳಿದಿರುತ್ತದೆ. ಗ್ರಾಫಿಕ್ಸ್ ಅಂದರೆ ಕಂಪ್ಯೂಟರ್ ಕೆಲಸ ಅಲ್ಲ, ಕಲಾಶಾಲೆಗಳಲ್ಲಿ ಪ್ರಿಂಟ್‌ಮೇಕಿಂಗ್‌ಗೆ ಅದೇ ಹೆಸರು. ಚಮಚದ ಬೆನ್ನಿನಿಂದ ಉಜ್ಜಿ ಪ್ರಿಂಟ್ ತೆಗೆಯಲು ನಾನು ಪ್ರಯತ್ನಿಸಿದ್ದೇನೆ, ಮರದ ಅಚ್ಚಿಗೆ ಅದು ಸಾಕು, ಎಚ್ಚಿಂಗ್ ಗೆರೆಯ ಆಳಕ್ಕೆ ಸಾಲದು.

ಪ್ರೆಸ್ಸಿನ ಮಂಚದ ಮೇಲೆ ಮೊದಲು ಶುಚಿ ಕಾಗದ, ಅದರ ಮೇಲೆ ಪ್ಲೇಟು ಮುಖ ಮೇಲಾಗಿ, ಮೇಲೆ ತೇವದ ಕಾಗದ, ಒಂದು ತೆಳು ಕಾಗದ, ಕೊನೆಗೆ ಉಣ್ಣೆ ಬಟ್ಟೆಗಳು. ಚಕ್ರವನ್ನು ನಿಲ್ಲಿಸದೆ ಒಂದೇ ವೇಗದಲ್ಲಿ ತಿರುಗಿಸಿ. ನಡುವೆ ನಿಂತರೆ ಅಲ್ಲೊಂದು ಅಡ್ಡಪಟ್ಟೆ ಬೀಳುತ್ತದೆ. ಕಾಗದವನ್ನು ಒಂದು ಮೂಲೆಯಿಂದ ನಿಧಾನಕ್ಕೆ ಎತ್ತಿ.

ಹಳದಿ ಸೇವಂತಿಗೆ ಬೇಕು ಅನ್ನುವವರಿಗೆ

ಸತುವಿನ ಪ್ಲೇಟಿಗೆ ಹಳದಿ ಶಾಯಿ ಹಚ್ಚಿದರೆ ಒರೆಸುವಾಗಲೇ ಲೋಹದ ಜೊತೆ ಸೇರಿ ಬಣ್ಣ ಮಂಕಾಗುತ್ತದೆ, ಹಸಿರು ಬೂದು ಸೇರಿದ ಹಾಗೆ. ಬಿಳಿ ಹೂವಿನಿಂದ ಶುರು ಮಾಡಿ ಅಂದದ್ದು ಇದಕ್ಕೇ. ಹಳದಿಯೇ ಬೇಕಾದರೆ ತೆಳ್ಳನೆಯ ಹಳದಿ ಕಾಗದವನ್ನು ಹೂವಿನ ಆಕಾರಕ್ಕೆ ಕತ್ತರಿಸಿ, ಒಂದು ಕಡೆ ತೆಳುವಾಗಿ ಮೈದಾ ಅಂಟು ಸವರಿ, ಶಾಯಿ ತುಂಬಿದ ಪ್ಲೇಟಿನ ಮೇಲೆ ಹೂವಿರುವ ಜಾಗದಲ್ಲಿ ಅಂಟು ಮೇಲೆ ಬರುವ ಹಾಗೆ ಇಡಿ. ಮೇಲೆ ತೇವದ ಕಾಗದ ಇಟ್ಟು ಒತ್ತಿದರೆ ಹಳದಿ ಕಾಗದ ಅಂಟಿಕೊಳ್ಳುತ್ತದೆ, ಗೆರೆಯೂ ಅದರ ಮೇಲೆ ಬೀಳುತ್ತದೆ. ಶೀನ್ ಕೊಲೆ (chine collé) ಅಂತ ಇದಕ್ಕೆ ಫ್ರೆಂಚ್ ಹೆಸರು. ಹಳದಿಯ ಅಂಚು ಹೂವಿನ ಅಂಚಿಗೆ ಕರಾರುವಾಕ್ಕಾಗಿ ಕೂರಬೇಕು ಅಂತ ಒದ್ದಾಡಬೇಡಿ, ಸ್ವಲ್ಪ ಸರಿದರೂ ಚೆನ್ನಾಗಿರುತ್ತದೆ. ಒಂದೇ ಪ್ಲೇಟಿನಿಂದ ಹಲವು ಬಣ್ಣ ತೆಗೆಯುವ ವಿಸ್ಕಾಸಿಟಿ ವಿಧಾನವೂ ಇದೆ, ಆಂಧ್ರದಲ್ಲಿ ಹುಟ್ಟಿದ ಕೃಷ್ಣ ರೆಡ್ಡಿ ಪ್ಯಾರಿಸ್‌ನ ಅಟೆಲಿಯರ್ 17 ಎಂಬ ಪ್ರಿಂಟ್ ಸ್ಟುಡಿಯೋದಲ್ಲಿ ಅದನ್ನು ಬೆಳೆಸಿದವರಲ್ಲಿ ಮುಖ್ಯರು, ಅದು ಕೈ ಪಳಗಿದ ಮೇಲಿನ ಮಾತು.

ಮೊದಲ ಪ್ರೂಫ್ ಬಂದ ಮೇಲೆ

ಪ್ರೂಫ್ ಅಂದರೆ ಪರೀಕ್ಷೆಗೆ ತೆಗೆದ ಪ್ರಿಂಟ್. ಅದನ್ನು ಗೋಡೆಗೆ ಹಾಕಿ ದೂರದಿಂದ ನೋಡಿ. ಹೂವು ಮಂಕಾಗಿದ್ದರೆ ದಳದ ಮೇಲೆ ಕೆಲಸ ಜಾಸ್ತಿಯಾಗಿದೆ. ಬೇಡದ ಗೆರೆಯ ಮೇಲೆ ಒಂದು ಹನಿ ಎಣ್ಣೆ ಹಾಕಿ ಬರ್ನಿಷರ್‌ನಿಂದ (ಲೋಹ ಉಜ್ಜುವ ನುಣುಪು ಉಕ್ಕಿನ ಸಾಧನ) ಉಜ್ಜಿದರೆ ತಗ್ಗು ಮುಚ್ಚುತ್ತಾ ಬರುತ್ತದೆ. ಹಿನ್ನೆಲೆ ತೆಳುವಾಗಿದ್ದರೆ ಮತ್ತೆ ಗ್ರೌಂಡ್ ಹಚ್ಚಿ, ಹೊಸ ಗೆರೆ ಎಳೆದು, ಮತ್ತೆ ತಿನ್ನಿಸಿ. ನನ್ನ ಪ್ಲೇಟುಗಳು ಒಪ್ಪಿಗೆಯಾಗುವ ಹೊತ್ತಿಗೆ ನಾಲ್ಕೈದು ಪ್ರೂಫ್ ಆಗಿರುತ್ತವೆ. ಆಮೇಲೆಯೇ ಎಡಿಷನ್, ಅಂದರೆ ಒಂದೇ ತರಹ ತೆಗೆದು ಸಂಖ್ಯೆ ಹಾಕಿದ ಪ್ರಿಂಟುಗಳು. ಪ್ರಿಂಟಿನ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ ಸಂಖ್ಯೆ, 1/10 ಅಂದರೆ ಹತ್ತರಲ್ಲಿ ಮೊದಲನೆಯದು, ನಡುವೆ ಹೆಸರು, ಬಲಕ್ಕೆ ಸಹಿ. ಶಾಯಿ ಪೂರ್ತಿ ಒಣಗಲು ದಿನಗಳು ಬೇಕು, ತೆಳು ಕಾಗದದ ನಡುವೆ ಇಟ್ಟು ಮೇಲೆ ಹಲಗೆ ಹೇರಿ.

ಪ್ಲೇಟಿನ ಗೆರೆಯೊಳಗೆ ಶಾಯಿ ಒಣಗಲು ಬಿಡಬೇಡಿ. ಟರ್ಪಂಟೈನ್‌ನಿಂದ ಪೂರ್ತಿ ತೊಳೆದು, ತೆಳುವಾಗಿ ವ್ಯಾಸಲಿನ್ ಸವರಿ ಕಾಗದದಲ್ಲಿ ಸುತ್ತಿಡಿ. ಟರ್ಪಂಟೈನ್ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ಎಣ್ಣೆಬಟ್ಟೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರಡಿ ಒಣಗಿಸಿ.

ದ್ರಾವಣದ ಬಣ್ಣ ಹೋಗಿ ತಿನ್ನುವುದು ನಿಂತ ಮೇಲೂ ಅದನ್ನು ಸಿಂಕಿಗೆ, ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬಾರದು. ತಾಮ್ರ ಮತ್ತು ಸತು ಎರಡೂ ಮೀನಿಗೆ, ಕೆರೆಯ ಜೀವಿಗಳಿಗೆ ವಿಷ. ಬಕೆಟ್ಟಿಗೆ ಹಾಕಿ ಬಟ್ಟೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ನೊರೆ ಏಳುತ್ತದೆ, ದೊಡ್ಡ ಬಕೆಟ್ ಇರಲಿ. ನೊರೆ ನಿಂತು ಗಸಿ ತಳಕ್ಕೆ ಇಳಿದ ಮೇಲೆ ಬಟ್ಟೆಯಲ್ಲಿ ಸೋಸಿ, ಗಸಿಯನ್ನು ಒಣಗಿಸಿ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಮೇಲೆ ದೊಡ್ಡದಾಗಿ 'ವಿಷ' ಅಂತ ಬರೆದಿಡಿ. ಸೋಸಿದ ನೀರನ್ನೂ ಬೇರೆ ಕ್ಯಾನಿನಲ್ಲಿ ತುಂಬಿಡಿ. ಡಬ್ಬಿ ತುಂಬಿದಾಗ ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೆ, ಇಲ್ಲವೇ ಅದಕ್ಕೆ ವ್ಯವಸ್ಥೆ ಇರುವ ಕಾಲೇಜಿನ ಲ್ಯಾಬಿಗೆ, ಮೊದಲೇ ಕೇಳಿ ಒಪ್ಪಿಸಿಕೊಂಡು ತಲುಪಿಸಿ.